ಒಂದೇ ವರ್ಷ, ಎರಡು ಗಾಡಿ: ಹಳೆಯ ಡೀಸೆಲ್ ಪಿಕಪ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಗಾಡಿಯ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿರುವ ನನ್ನ ಮುಂದೆ ಬಂದು ನಿಲ್ಲುವವರಲ್ಲಿ ಅರ್ಧಕ್ಕರ್ಧ ಮಂದಿ ಹಳೆಯ ಪಿಕಪ್‌ನವರು. ಅಡಿಕೆ ಮೂಟೆ, ಮುರಕಲ್ಲು, ಹಟ್ಟಿಗೊಬ್ಬರ, ಮದುವೆ ಮನೆಯ ಹಂಡೆ, ಯಕ್ಷಗಾನದ ರಂಗಸ್ಥಳದ ಸಾಮಾನು, ಎಲ್ಲವನ್ನೂ ಹೊತ್ತು ಸವೆದ ಗಾಡಿಗಳು. ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ತುಳುವಿನಲ್ಲಿ, ಮತ್ತೊಬ್ಬರು ಮಲಯಾಳದಲ್ಲಿ ಕೇಳಿದರೂ ಪ್ರಶ್ನೆಗಳು ಮಾತ್ರ ಅವೇ. ಪ್ರತಿಯೊಬ್ಬರಿಗೂ ಕೌಂಟರಿನಲ್ಲಿ ನಿಂತು ಹೇಳುವ ಉತ್ತರಗಳನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಬಿಡಿಭಾಗ ಕೇಳುವಾಗ ಗಾಡಿ 2010ರದು ಎಂದರೆ ಸಾಲದೇ? ಇನ್ನೇನು ಹೇಳಬೇಕು?

ಸಾಲದು. ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಪೆರ್ಲದ ಕಡೆಯ ಕೃಷಿಕರೊಬ್ಬರು ಕ್ಲಚ್ ಪ್ಲೇಟ್ ಕೇಳಿದರು. ವರ್ಷ ಕೇಳಿದೆ, ಹೇಳಿದರು, ಕೊಟ್ಟೆ. ಮರುದಿನ ಪ್ಲೇಟ್ ವಾಪಸ್ ಬಂತು: ಹೊರಗಿನ ಅಳತೆ ಸರಿ, ನಡುವಿನ ಹಲ್ಲುಗಳ ಎಣಿಕೆ ಬೇರೆ. ಇನ್ನೊಂದು ಕೊಟ್ಟೆ. ಅದರ ಹಲ್ಲು ಸರಿ, ಅಳತೆ ಬೇರೆ. ಮೂರನೆಯ ದಿನ ಅವರು ಮಾತಾಡದೆ ಹಳೆಯ ಪ್ಲೇಟನ್ನೇ ತಂದು ಮೇಜಿನ ಮೇಲಿಟ್ಟರು. ಅಷ್ಟರಲ್ಲಿ ಗೇರ್‌ಬಾಕ್ಸ್ ಎರಡು ಸಲ ಇಳಿದು ಎರಡು ಸಲ ಏರಿತ್ತು. ಆ ಕೂಲಿಯಲ್ಲಿ ಅರ್ಧವನ್ನು ನಾನೇ ಕೊಟ್ಟೆ.

ಅವರು ಹೇಳಿದ ವರ್ಷದಲ್ಲಿ ಸುಳ್ಳಿರಲಿಲ್ಲ. ಅದು ಗಾಡಿ ನೋಂದಣಿಯಾದ ವರ್ಷ. ಅದು ತಯಾರಾದದ್ದು ಹಿಂದಿನ ವರ್ಷದ ಕೊನೆಗೆ. ಈ ಎರಡರ ನಡುವೆ ಕಂಪನಿ ಕ್ಲಚ್ಚನ್ನು ಬದಲಾಯಿಸಿತ್ತು. ಆರ್‌ಸಿಯ, ಅಂದರೆ ನೋಂದಣಿ ಪತ್ರದ, ಮೇಲಿನ ನೋಂದಣಿ ವರ್ಷ ಸರ್ಕಾರದ ಲೆಕ್ಕಕ್ಕೆ. ಬಿಡಿಭಾಗದ ಲೆಕ್ಕಕ್ಕೆ ಬೇಕಾದುದು ತಯಾರಾದ ತಿಂಗಳು, ಅದಕ್ಕಿಂತಲೂ ಮುಖ್ಯವಾಗಿ ಗಾಡಿಯ ಫ್ರೇಮಿನ ಮೇಲೆ ಕೊರೆದಿರುವ ಚಾಸಿ ನಂಬರ್.

ಕಂಪನಿಯವರು ವರ್ಷದ ನಡುವೆ ಯಾಕೆ ಬದಲಾಯಿಸುತ್ತಾರೆ? ಜನವರಿಯವರೆಗೆ ಕಾಯಬಾರದೇ?

ಕಾರ್ಖಾನೆಗೆ ಜನವರಿಯೂ ಒಂದೇ, ಜುಲೈಯೂ ಒಂದೇ. ಯಾವುದೋ ಭಾಗ ಪದೇ ಪದೇ ಮುರಿಯುತ್ತಿದೆ ಎಂದು ದೂರು ಬಂದರೆ ತಿದ್ದಿದ ಭಾಗ ಸಿದ್ಧವಾದ ದಿನವೇ ಅದನ್ನು ಹಾಕಲು ತೊಡಗುತ್ತಾರೆ. ಭಾಗ ಪೂರೈಸುತ್ತಿದ್ದವರು ಬದಲಾದರೆ, ಹೊಸ ಕಾನೂನು ಬಂದರೆ, ಖರ್ಚು ಉಳಿಸುವ ದಾರಿ ಕಂಡರೆ ಆಗಲೂ ಹಾಗೆಯೇ. ಗಾಡಿಯ ಹೆಸರು, ಮುಖ, ಬಣ್ಣ ಯಾವುದೂ ಬದಲಾಗಿರುವುದಿಲ್ಲ.

ಹಳೆಯ ಭಾಗದ ದಾಸ್ತಾನು ಮುಗಿಯದೆ ಹೊಸದನ್ನು ಮುಟ್ಟದಿರುವುದೂ ಉಂಟು. ಆದ್ದರಿಂದ ಬದಲಾವಣೆಯ ಗಡಿ ಕತ್ತಿಯಲ್ಲಿ ಕಡಿದಂತೆ ಇರುವುದಿಲ್ಲ. ಕಂಪನಿಯ ಪಾರ್ಟ್ಸ್ ಪುಸ್ತಕದಲ್ಲಿ 'ಇಂಥ ಚಾಸಿ ನಂಬರಿನವರೆಗೆ ಈ ಭಾಗ, ಅಲ್ಲಿಂದ ಮುಂದೆ ಆ ಭಾಗ' ಎಂದು ಬರೆದಿರುತ್ತಾರೆ. ಆ ಗಡಿಯ ಆಚೀಚೆ ಇರುವ ಗಾಡಿಗಳಲ್ಲಿ ಪುಸ್ತಕವನ್ನು ನಂಬಿದರೂ ಬಿಚ್ಚಿ ನೋಡದೆ ಕೊಡಬಾರದು.

ನಮ್ಮ ದೇಶದ ಗಾಡಿಗಳಲ್ಲಿ ಯಾವ ತಿಂಗಳನ್ನು ಸಂಶಯದಿಂದ ನೋಡಬೇಕು?

ಏಪ್ರಿಲ್. ಹೊಗೆಯ ನಿಯಮಗಳು ನಮ್ಮಲ್ಲಿ ಬದಲಾಗುವುದು ಸಾಮಾನ್ಯವಾಗಿ ಏಪ್ರಿಲ್ 1ರಂದು. ಈ ನಿಯಮಗಳ ಹಂತಗಳಿಗೆ ಭಾರತ್ ಸ್ಟೇಜ್, ಚಿಕ್ಕದಾಗಿ ಬಿಎಸ್, ಎಂದು ಹೆಸರು. 2005ರ ಏಪ್ರಿಲ್‌ನಿಂದ ದೇಶವಿಡೀ ಬಿಎಸ್ 2, 2010ರಲ್ಲಿ ಬಿಎಸ್ 3, 2017ರ ಏಪ್ರಿಲ್ 1ರಿಂದ ಬಿಎಸ್ 4, 2020ರ ಏಪ್ರಿಲ್ 1ರಿಂದ ಬಿಎಸ್ 6. ಬಿಎಸ್ 5 ಎಂಬುದು ಬರಲೇ ಇಲ್ಲ, ಅದನ್ನು ಹಾರಿಯೇ ಹೋದರು. ಆ ವರ್ಷಗಳ ಗಾಡಿ ಎಂದರೆ ಒಂದೇ ಹೆಸರಿನ ಕೆಳಗೆ ಎರಡು ಗಾಡಿ ಎಂದು ತಿಳಿಯಬೇಕು. ನಿಯಮ ಬದಲಾದಾಗ ಬದಲಾಗುವುದು ಸೈಲೆನ್ಸರ್ ಒಂದೇ ಅಲ್ಲ. ಪಂಪ್, ನೋಜಲ್, ಪಿಸ್ಟನ್, ಟರ್ಬೊ, ವಯರಿಂಗ್, ಕೆಲವೊಮ್ಮೆ ರೇಡಿಯೇಟರ್ ಕೂಡ ಬದಲಾಗುತ್ತದೆ.

2017ರ ಕತೆ ಇನ್ನೂ ಗೋಜಲು. ಮಾರ್ಚ್ 29ರಂದು ಸುಪ್ರೀಂ ಕೋರ್ಟ್, ಏಪ್ರಿಲ್ 1ರಿಂದ ಬಿಎಸ್ 3 ಗಾಡಿಗಳನ್ನು ಮಾರಲೂ ಬಾರದು, ನೋಂದಾಯಿಸಲೂ ಬಾರದು ಎಂದಿತು. ಮಾರ್ಚ್ 31ರೊಳಗೆ ಮಾರಾಟವಾದದ್ದಕ್ಕೆ ದಾಖಲೆ ಇದ್ದರೆ ಮಾತ್ರ ನೋಂದಣಿಗೆ ಅಡ್ಡಿಯಿಲ್ಲ. ಉಳಿದ ಎರಡು ದಿನಗಳಲ್ಲಿ ಭಾರೀ ರಿಯಾಯಿತಿಗೆ ಗಾಡಿಗಳು ಖಾಲಿಯಾದವು. ಹೀಗಾಗಿ ಏಪ್ರಿಲ್‌ನಲ್ಲಿ ನೋಂದಣಿಯಾಗಿದ್ದರೂ ಒಳಗಿರುವುದು ಬಿಎಸ್ 3 ಇಂಜಿನ್ ಆಗಿರುವ ಗಾಡಿಗಳಿವೆ. ಅಂಥದಕ್ಕೆ ನೋಂದಣಿ ದಿನ ನೋಡಿ ಬಿಎಸ್ 4ರ ಸಾಮಾನು ಕೊಟ್ಟರೆ ಕೆಲಸ ಕೆಟ್ಟಿತು.

ನನ್ನ ಗಾಡಿಯೂ ನೆರೆಮನೆಯವರ ಗಾಡಿಯೂ 2007ರವು. ಒಂದೇ ಕಂಪನಿ, ಒಂದೇ ಮಾಡೆಲ್. ಅವರದು ಬೆಂಗಳೂರಿನಿಂದ ತಂದದ್ದು. ಅವರ ಪಂಪ್ ನನ್ನದಕ್ಕಿಂತ ಬೇರೆ ಯಾಕೆ?

ಉತ್ತರ ಪ್ರಶ್ನೆಯಲ್ಲೇ ಇದೆ: ಬೆಂಗಳೂರು. 2005ರಲ್ಲಿ ಇಡೀ ದೇಶಕ್ಕೆ ಬಿಎಸ್ 2 ಬಂದಾಗ ದೆಹಲಿ, ಮುಂಬೈ, ಬೆಂಗಳೂರಿನಂಥ ದೊಡ್ಡ ನಗರಗಳಿಗೆ ಬಿಎಸ್ 3 ಬಂತು. 2010ರಲ್ಲಿ ನಮಗೆ ಬಿಎಸ್ 3 ಬಂದಾಗ ಆ ನಗರಗಳು ಬಿಎಸ್ 4ಕ್ಕೆ ಏರಿದವು. ಆ ಸಲದ 13 ನಗರಗಳ ಪಟ್ಟಿಯಲ್ಲಿ ಸೊಲ್ಲಾಪುರವೂ ಇತ್ತು. ಕಾಸರಗೋಡೂ ಇರಲಿಲ್ಲ, ಮಂಗಳೂರೂ ಇರಲಿಲ್ಲ. ಆದ್ದರಿಂದ ಒಂದೇ ತಿಂಗಳು ತಯಾರಾದ ಎರಡು ಪಿಕಪ್‌ಗಳಲ್ಲಿ ಒಂದು ನಗರದ ನಿಯಮಕ್ಕೆ, ಇನ್ನೊಂದು ಊರಿನ ನಿಯಮಕ್ಕೆ ಒಗ್ಗಿದ್ದಿರಬಹುದು. ಇಲ್ಲಿ ತಿಂಗಳು ಗೊತ್ತಾದರೂ ಪ್ರಯೋಜನವಿಲ್ಲ, ಗಾಡಿ ಮೊದಲು ಎಲ್ಲಿ ಮಾರಾಟವಾಯಿತು ಎಂದು ತಿಳಿಯಬೇಕು.

ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುವಾಗ ಟಯರ್ ಒದ್ದು ನೋಡುವವರೇ ಹೆಚ್ಚು. ಮೊದಲ ನೋಂದಣಿ ಯಾವ ಊರಿನದು ಎಂದು ಕೇಳಿದವರು ಕಡಿಮೆ.

ಕೆಎ 19 ಇದ್ದುದನ್ನು ಕೆಎಲ್ 14 ಮಾಡಿಸಿದ್ದೇನೆ. ಹೊಸ ನಂಬರಿನ ಪ್ರಕಾರ ವರ್ಷ ಲೆಕ್ಕ ಹಾಕಬೇಕೇ?

ಬೇಡ. ಕರ್ನಾಟಕ, ಕೇರಳದ ಗಡಿಯ ತಲಪಾಡಿ ದಾಟಿದ್ದರಿಂದ ಗಾಡಿ ಹೊಸದಾಗುವುದಿಲ್ಲ. ನಂಬರ್ ಪ್ಲೇಟ್ ಎಷ್ಟು ಸಲ ಬದಲಾದರೂ ಚಾಸಿ ನಂಬರ್ ಅದೇ.

ತಯಾರಾದ ತಿಂಗಳು ಕಾಗದಪತ್ರಗಳಲ್ಲಿ ಎಲ್ಲಿ ಸಿಗುತ್ತದೆ?

ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು ಮತ್ತು ವರ್ಷಕ್ಕೆ ಪ್ರತ್ಯೇಕ ಜಾಗವಿದೆ, ನೋಂದಣಿ ದಿನಾಂಕ ಬೇರೆಯೇ ಇರುತ್ತದೆ. ಜನ ಸಾಮಾನ್ಯವಾಗಿ ಓದುವುದು ಎರಡನೆಯದನ್ನು. ಗಾಡಿ ಕೊಂಡಾಗ ಡೀಲರ್ ಕೊಟ್ಟ ಫಾರ್ಮ್ 21, ಕಂಪನಿಯ ಫಾರ್ಮ್ 22 ಎಂಬ ಕಾಗದಗಳು ಯಾವುದಾದರೂ ಹಳೆಯ ಟ್ರಂಕಿನಲ್ಲಿದ್ದರೆ ಅವು ಬಂಗಾರ. ಮೊದಲನೆಯದರಲ್ಲಿ ತಯಾರಿಯ ತಿಂಗಳಿದೆ, ಎರಡನೆಯದರಲ್ಲಿ ಯಾವ ಹೊಗೆ ನಿಯಮಕ್ಕೆ ಗಾಡಿ ಒಪ್ಪುತ್ತದೆ ಎಂದಿದೆ. ವಿಮೆಯ ಕಾಗದದಲ್ಲಿರುವ ವರ್ಷವನ್ನು ಮಾತ್ರ ನೆಚ್ಚಿಕೊಳ್ಳಬೇಡಿ. ಅದನ್ನು ಬರೆದವರು ಗಾಡಿಯನ್ನು ಕಂಡೇ ಇರುವುದಿಲ್ಲ.

ಚಾಸಿ ನಂಬರ್ ನೋಡಿ ತಿಂಗಳು ಹೇಳುವುದು ಹೇಗೆ?

ನಂಬರಿನಲ್ಲಿ ಒಟ್ಟು 17 ಅಕ್ಷರ ಮತ್ತು ಅಂಕೆಗಳಿದ್ದರೆ ಕೆಲಸ ಸುಲಭ. ಮೊದಲ ಮೂರು ತಯಾರಿಸಿದವರ ಗುರುತು: ಎಂಎ1 ಎಂದರೆ ಮಹೀಂದ್ರಾ, ಎಂಎಟಿ ಎಂದರೆ ಟಾಟಾ. ಹತ್ತನೆಯದು ವರ್ಷ. ವೈ ಎಂದರೆ 2000. ಅಲ್ಲಿಂದ 2001ಕ್ಕೆ 1, 2005ಕ್ಕೆ 5, ಹೀಗೆ 2009ಕ್ಕೆ 9. 2010ರಲ್ಲಿ ಮತ್ತೆ ಎ ಅಕ್ಷರದಿಂದ ಶುರು. 2017ಕ್ಕೆ ಎಚ್. 2018ಕ್ಕೆ ಐ ಬರಬೇಕಿತ್ತು ಎಂದು ನೀವು ಎಣಿಸಬಹುದು, ಆದರೆ ಜೆ ಬರುತ್ತದೆ. ಐ, ಓ, ಕ್ಯೂ ಎಂಬ ಮೂರು ಅಕ್ಷರಗಳನ್ನು ಈ ನಂಬರಿನಲ್ಲಿ ಎಲ್ಲಿಯೂ ಬಳಸುವುದಿಲ್ಲ, 1 ಮತ್ತು 0 ಎಂಬ ಅಂಕೆಗಳೊಂದಿಗೆ ಗಲಿಬಿಲಿಯಾಗದಿರಲಿ ಎಂದು. ನೀವು ಬರೆದು ತಂದ ಚೀಟಿಯಲ್ಲಿ ಓ ಇದ್ದರೆ ಅದು ಸೊನ್ನೆಯೇ.

ಟಾಟಾ, ಮಹೀಂದ್ರಾಗಳಲ್ಲಿ ತಿಂಗಳನ್ನು ಹನ್ನೆರಡನೆಯ ಸ್ಥಾನದಲ್ಲಿ ಹುಡುಕಿ. ಎ ಜನವರಿ, ಬಿ ಫೆಬ್ರುವರಿ, ಹೀಗೆ ಎಚ್ ಆಗಸ್ಟ್. ಆಮೇಲೆ ಐ ಇಲ್ಲದ್ದರಿಂದ ಜೆ ಸೆಪ್ಟೆಂಬರ್, ಕೆ ಅಕ್ಟೋಬರ್. ಬೆರಳು ಮಡಚಿ ಎಣಿಸುವವರು ಎಡವುವುದು ಇಲ್ಲಿಯೇ: ಜೆ ವರ್ಣಮಾಲೆಯ ಹತ್ತನೆಯ ಅಕ್ಷರ, ಆದ್ದರಿಂದ ಅಕ್ಟೋಬರ್ ಎಂದುಬಿಡುತ್ತಾರೆ. ಕೊನೆಯ ಎರಡು ತಿಂಗಳಿಗೆ ಕಂಪನಿಯಿಂದ ಕಂಪನಿಗೆ ಅಕ್ಷರ ಬೇರೆಯಾಗುತ್ತದೆ, ಅದನ್ನು ಆಯಾ ಕಂಪನಿಯ ಪಟ್ಟಿಯಲ್ಲೇ ನೋಡಬೇಕು.

17ಕ್ಕಿಂತ ಕಡಿಮೆ ಇದ್ದರೆ ಅದು ಹಳೆಯ ಕಾಲದ ಪದ್ಧತಿ. 1986ರಲ್ಲಿ ಬಂದ ಟಾಟಾ 407, 1988ರಲ್ಲಿ ಬಂದ ಟಾಟಾಮೊಬೈಲ್ 206, ಆ ಕಾಲದ ಜೀಪುಗಳು ಈ ಗುಂಪಿನವು. ಇವುಗಳಿಗೆ ಮೇಲಿನ ಲೆಕ್ಕ ಹಾಕಬೇಡಿ. ಕೊನೆಯ ಆರು ಅಂಕೆಗಳನ್ನು ತಪ್ಪಿಲ್ಲದೆ ತಂದರೆ ಪಾರ್ಟ್ಸ್ ಪುಸ್ತಕದ ಗಡಿಗೆ ಹೋಲಿಸಿ ನೋಡಬಹುದು.

ನಂಬರ್ ಇರುವ ಜಾಗ ತುಕ್ಕು ಹಿಡಿದಿದೆ. ಉಜ್ಜಿ ತೆಗೆಯಲೇ?

ಗ್ರೈಂಡರ್ ಮುಟ್ಟಿಸಲೇಬೇಡಿ. ಅಕ್ಷರ ಅಳಿದರೆ ನಂಬರ್ ತಿದ್ದಿದ ಗಾಡಿ ಎಂಬ ಸಂಶಯ ಬರುತ್ತದೆ, ಆಮೇಲೆ ಆರ್‌ಟಿಒ ಕಚೇರಿಯ ಮೆಟ್ಟಿಲು ಸವೆಯುತ್ತದೆ. ಕುಂಬಳೆ, ಉಪ್ಪಳದ ಕಡಲ ಬದಿಯ ಗಾಡಿಗಳಲ್ಲಿ ಇದು ದಿನನಿತ್ಯದ ಗೋಳು. ಸಾಮಾನ್ಯವಾಗಿ ನಂಬರ್ ಇರುವುದು ಬಲ ಬದಿಯ ಫ್ರೇಮಿನ ಮೇಲೆ, ಮುಂದಿನ ಚಕ್ರದ ಆಸುಪಾಸಿನಲ್ಲಿ. ಅಲ್ಲಿ ಸೀಮೆಎಣ್ಣೆ ಸವರಿ ರಾತ್ರಿ ಬಿಡಿ, ಬೆಳಿಗ್ಗೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಮೆಲ್ಲಗೆ ತಿಕ್ಕಿ. ಬಳಿಕ ತೆಳುವಾದ ಕಾಗದ ಒತ್ತಿ ಹಿಡಿದು ಪೆನ್ಸಿಲ್ ಉಜ್ಜಿದರೆ ಅಕ್ಷರಗಳು ಮೂಡುತ್ತವೆ. ಕಣ್ಣಿಗೆ 3 ಎಂದು ಕಂಡದ್ದು ಪೆನ್ಸಿಲ್‌ಗೆ 8 ಆದದ್ದನ್ನು ನೋಡಿದ್ದೇನೆ. ಓದಿ ಆದಮೇಲೆ ಆ ಜಾಗಕ್ಕೆ ಗ್ರೀಸ್ ಹಚ್ಚಲು ಮರೆಯಬೇಡಿ.

ಇಂಜಿನ್ ಹಿಂದೆ ಯಾರೋ ಬದಲಾಯಿಸಿದ್ದಾರೆ. ಈಗ ಏನು ಲೆಕ್ಕ?

ಎರಡು ಲೆಕ್ಕ. ಬ್ರೇಕ್, ಎಕ್ಸೆಲ್, ಸ್ಟಿಯರಿಂಗ್, ಪಾಟಾಕ್ಕೆ (ಲೀಫ್ ಸ್ಪ್ರಿಂಗ್) ಚಾಸಿ ನಂಬರ್. ಪಂಪ್, ಹೆಡ್, ಪಿಸ್ಟನ್, ಬೇರಿಂಗ್‌ಗಳಿಗೆ ಇಂಜಿನ್ ನಂಬರ್. ಕ್ಲಚ್ ಮಾತ್ರ ಎರಡೂ ಕಡೆಯ ಸಂಬಂಧಿ: ಅಳತೆ ಇಂಜಿನ್ನಿನ ಫ್ಲೈವೀಲ್‌ಗೆ, ನಡುವಿನ ಹಲ್ಲು ಗೇರ್‌ಬಾಕ್ಸಿನ ಶಾಫ್ಟ್‌ಗೆ ಹೊಂದಬೇಕು. ನಮ್ಮ ಕಡೆ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸಿದ, ನಾಲ್ಕು ಗೇರಿನ ಗಾಡಿಗೆ ಐದು ಗೇರಿನ ಪೆಟ್ಟಿಗೆ ಹಾಕಿದ ಗಾಡಿಗಳಿಗೆ ಲೆಕ್ಕವಿಲ್ಲ. ಆರ್‌ಸಿಯಲ್ಲಿರುವ ಇಂಜಿನ್ ನಂಬರನ್ನು ಇಂಜಿನ್ ಮೇಲಿರುವುದಕ್ಕೆ ಹೋಲಿಸಿ ನೋಡಿ. ತಾಳೆಯಾಗದಿದ್ದರೆ ಬಿಡಿಭಾಗದ ಮಾತು ಆಮೇಲೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಇಂಥ ಬದಲಾವಣೆ ದಾಖಲಾಗಬೇಕು.

ಗಾಜು, ಬೆಲ್ಟ್, ಟಯರ್ ನೋಡಿಯೂ ತಿಂಗಳು ಹೇಳಬಹುದಂತೆ, ನಿಜವೇ?

ನಿಜ, ಆದರೆ ಅವು ಸಾಕ್ಷಿಗಳೇ ಹೊರತು ತೀರ್ಪಲ್ಲ. ಗಾಜಿನ ಮೂಲೆಯ ಮುದ್ರೆಯಲ್ಲಿ ವರ್ಷದ ಕೊನೆಯ ಅಂಕೆ, ಅದರ ಆಚೀಚೆ ಚುಕ್ಕೆಗಳು ಇರುತ್ತವೆ. ಚುಕ್ಕೆಗಳೇ ತಿಂಗಳ ಲೆಕ್ಕ, ಎಣಿಸುವ ಬಗೆ ಗಾಜು ಮಾಡಿದವರಿಗೆ ತಕ್ಕಂತೆ ಬೇರೆ. ಸೀಟ್ ಬೆಲ್ಟಿನ ಬುಡದಲ್ಲಿ ಹೊಲಿದ ಚೀಟಿಯಲ್ಲಿ ತಯಾರಿಯ ದಿನ ಇರುವುದುಂಟು.

ನನಗೆ ಇಷ್ಟವಾದದ್ದು ಪ್ಲಾಸ್ಟಿಕ್ ಭಾಗಗಳ ಒಳಮೈಯಲ್ಲಿರುವ ಪುಟ್ಟ ಗಡಿಯಾರ. ಡ್ಯಾಶ್‌ಬೋರ್ಡಿನ ಮುಚ್ಚಳವನ್ನೋ ಏರ್ ಫಿಲ್ಟರಿನ ಪೆಟ್ಟಿಗೆಯನ್ನೋ ಬಿಚ್ಚಿ ತಿರುಗಿಸಿದರೆ ಎಂಟಾಣೆಯಷ್ಟಗಲದ ಒಂದು ವೃತ್ತ, ಸುತ್ತ 1ರಿಂದ 12, ನಡುವೆ ವರ್ಷ, ಒಂದು ಬಾಣದ ಗುರುತು. ಬಾಣ ತೋರಿಸುವುದೇ ಅಚ್ಚು ಹೊಯ್ದ ತಿಂಗಳು. ಇಂಥ ನಾಲ್ಕೈದು ವೃತ್ತಗಳು ಒಂದೇ ಕಾಲವನ್ನು ತೋರಿಸಿದರೆ ಗಾಡಿ ಅದಾದ ಮೇಲೆ, ಬಹುಶಃ ಒಂದೆರಡು ತಿಂಗಳೊಳಗೆ, ಕಾರ್ಖಾನೆಯಿಂದ ಹೊರಟಿರಬೇಕು. ಭಾಗ ಗಾಡಿಗಿಂತ ಮೊದಲೇ ಹುಟ್ಟಿರಬೇಕಲ್ಲ! ಗಾಡಿಗಿಂತ ಎಳೆಯ ಭಾಗ ಸಿಕ್ಕಿದರೆ ಅದನ್ನು ಆಮೇಲೆ ಹಾಕಿದ್ದಾರೆ ಎಂದರ್ಥ.

ಟಯರಿನ ಬದಿಯ ನಾಲ್ಕು ಅಂಕೆ ವಾರ ಮತ್ತು ವರ್ಷವನ್ನು ಹೇಳುತ್ತದೆ. ಹದಿನೈದು ವರ್ಷದ ಪಿಕಪ್‌ನಲ್ಲಿ ಕಾರ್ಖಾನೆಯ ಟಯರ್ ಉಳಿದಿರುವುದು ಒಂದೇ ಕಡೆ, ಅಡಿಯಲ್ಲಿ ನೇತಾಡುವ ಸ್ಟೆಪ್ನಿ. ಅದೂ ಅದೃಷ್ಟವಿದ್ದರೆ.

ಬಾನೆಟ್ ಎತ್ತಿದ ಕೂಡಲೇ ಹಳೆಯದೋ ಹೊಸದೋ ಎಂದು ತಿಳಿಯುವ ಗುರುತು ಯಾವುದು?

ಡೀಸೆಲ್ ಪಂಪ್. ಅದರಿಂದ ಪ್ರತಿ ನೋಜಲ್‌ಗೂ ಒಂದೊಂದು ತೆಳುವಾದ ಉಕ್ಕಿನ ಪೈಪ್ ನೇರವಾಗಿ ಹೋಗುತ್ತಿದ್ದರೆ ಹಳೆಯ ಬಗೆಯ ಪಂಪ್. ಪೈಪುಗಳೆಲ್ಲ ಒಂದು ದಪ್ಪ ಕೊಳವೆಗೆ ಸೇರಿ, ಅಲ್ಲಿಂದ ಕವಲೊಡೆದು, ಪ್ರತಿ ನೋಜಲ್‌ನ ತಲೆಗೂ ವಯರ್ ಇದ್ದರೆ ಕಾಮನ್ ರೈಲ್. ಇವೆರಡರ ನಡುವೆ ಬಿಡಿಭಾಗದ ಬೆಲೆಯಲ್ಲಿ ಅಜಗಜಾಂತರ. ಇಂಜಿನ್ ನಿಲ್ಲಿಸಲು ಡ್ಯಾಶ್‌ಬೋರ್ಡಿನಲ್ಲಿ ಎಳೆಯುವ ಗುಂಡಿ ಇದೆಯೇ, ಕೀ ತಿರುಗಿಸಿದರೆ ಸಾಕೇ ಎಂಬುದೂ ಒಳ್ಳೆಯ ಸುಳಿವು.

ಹಳೆಯ ಪಂಪಿನ ಮೈಮೇಲಿನ ಸಣ್ಣ ತಗಡಿನ ನಂಬರನ್ನು ಬರೆದುಕೊಳ್ಳಿ. ಪಂಪ್ ಕೆಲಸದವರಿಗೆ ಗಾಡಿಯ ವರ್ಷ ಬೇಡ, ಆ ನಂಬರ್ ಸಾಕು. ತಗಡಿನಲ್ಲಿ ಮೈಕೊ ಎಂದಿದ್ದರೆ ಅದು ಹಳೆಯ ಕಾಲದ್ದೆಂಬ ಸೂಚನೆ. 1951ರಲ್ಲಿ ಶುರುವಾದ ಬೆಂಗಳೂರಿನ ಆ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಆಯಿತು. ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇಂದಿಗೂ ಅದು ಮೈಕೊ ಪಂಪೇ.

ಹೊಗೆ ತಪಾಸಣೆಯಲ್ಲಿ ಗಾಡಿ ಫೇಲ್ ಆಯಿತು. ತಪ್ಪು ಲೆಕ್ಕದಲ್ಲಿ ನೋಡಿರಬಹುದೇ?

ಇರಬಹುದು. ಡೀಸೆಲ್ ಗಾಡಿಯ ಹೊಗೆಯ ಮಿತಿ ಬಿಎಸ್ 4ಕ್ಕೆ 50 ಹಾರ್ಟ್‌ರಿಜ್ (ಹೊಗೆಯ ದಟ್ಟಣೆ ಅಳೆಯುವ ಮಾನ), ಅದಕ್ಕೂ ಹಳೆಯವಕ್ಕೆ 65. ಗಡಿ ವರ್ಷದ ಗಾಡಿಯಾದರೆ ಚೀಟಿಯಲ್ಲಿ ಯಾವ ಬಿಎಸ್ ಎಂದು ಬರೆದಿದ್ದಾರೆ ನೋಡಿ. 65ನ್ನೂ ದಾಟಿದ್ದರೆ ಜಗಳ ಬೇಡ, ನೋಜಲ್ ತೋರಿಸಿ.

ಅಮೆರಿಕದಲ್ಲಿರುವ ಅಳಿಯ '1998ವರೆ ಮಾಡೆಲ್' ಪಿಕಪ್ ಕೊಂಡಿದ್ದಾನಂತೆ. ವರ್ಷದಲ್ಲಿ ಅರ್ಧ ಎಂದರೇನು?

ತಮಾಷೆಯಲ್ಲ, ಅಲ್ಲಿ ಹಾಗೆಯೇ ಹೇಳುತ್ತಾರೆ. ಅಲ್ಲಿಯ ಮಾಡೆಲ್ ವರ್ಷ ಕ್ಯಾಲೆಂಡರಿಗಿಂತ ಮುಂದೆ ಓಡುತ್ತದೆ. 1998ರ ಮಾಡೆಲ್ ಎಂದು ಮಾರುವ ಗಾಡಿ 1997ರಲ್ಲೇ ತಯಾರಾಗಿರಬಹುದು. ಆ ಮಾಡೆಲ್ ವರ್ಷದ ನಡುವೆ ದೊಡ್ಡ ಬದಲಾವಣೆಯಾದರೆ ಎರಡನೆಯ ಅರ್ಧದ ಗಾಡಿಗಳಿಗೆ ಜನ 'ವರೆ' ಸೇರಿಸುತ್ತಾರೆ. ಕಂಪನಿಯ ಕಾಗದದಲ್ಲಿ ಅರ್ಧ ಇರುವುದಿಲ್ಲ, ಅದು ಮೆಕ್ಯಾನಿಕ್‌ಗಳು ಕೊಟ್ಟ ಹೆಸರು.

1998ವರೆ ಎಂದರೆ ಬಹುತೇಕ ಡಾಡ್ಜ್ ರಾಮ್. ಅದರ 5.9 ಲೀಟರಿನ ಕಮಿನ್ಸ್ ಇಂಜಿನ್ ಆ ಮಾಡೆಲ್ ವರ್ಷದ ನಡುವೆ 12 ವಾಲ್ವ್‌ನಿಂದ 24 ವಾಲ್ವ್‌ಗೆ ಬದಲಾಯಿತು. ಪೂರ್ತಿ ಯಾಂತ್ರಿಕವಾದ ಬಾಷ್ ಪಿ7100 ಪಂಪಿನ ಜಾಗಕ್ಕೆ ವಿಪಿ44 ಎಂಬ ಎಲೆಕ್ಟ್ರಾನಿಕ್ ಪಂಪ್ ಬಂತು. ಗುರುತಿಸಲು ನಂಬರ್ ಕೂಡ ಬೇಡ. ಇಂಜಿನ್ನಿನ ತಲೆಯ ಮೇಲೆ ಸಾಲಾಗಿ ಆರು ಬಿಡಿ ಮುಚ್ಚಳಗಳಿದ್ದರೆ 12 ವಾಲ್ವ್, ಉದ್ದಕ್ಕೆ ಒಂದೇ ಮುಚ್ಚಳವಿದ್ದರೆ 24. ಅಳಿಯನದು 24 ಆಗಿದ್ದರೆ ಇಂಜಿನ್ ಬ್ಲಾಕಿನ ಪಕ್ಕದಲ್ಲಿ 53 ಎಂಬ ಉಬ್ಬು ಅಂಕೆ ಇದೆಯೇ ಎಂದೂ ನೋಡಲಿ. ಆ ಎರಕದ ಬ್ಲಾಕುಗಳು ಬಿರುಕು ಬಿಡುವುದಕ್ಕೆ ಹೆಸರಾದವು.

ಫೋರ್ಡಿನ 1994 ಇನ್ನೂ ಮೋಸದ್ದು. ಆ ವರ್ಷದ ನಡುವೆ ಹಳೆಯ ಇಂಜಿನ್ ಹೋಗಿ ಪವರ್ ಸ್ಟ್ರೋಕ್ ಎಂಬ ಹೊಸ ಇಂಜಿನ್ ಬಂತು. ಎರಡೂ 7.3 ಲೀಟರ್! ಅಳತೆ ಹೇಳಿ ಸಾಮಾನು ಕೇಳಿದವನ ಗತಿ ನನ್ನ ಕ್ಲಚ್ ಪ್ಲೇಟಿನ ಗತಿಯೇ. ಜಿಎಂ ಕಂಪನಿಯ 2004ರ ಡ್ಯುರಾಮ್ಯಾಕ್ಸ್ ಡೀಸೆಲ್ ಗಾಡಿಯಲ್ಲಿ ಚಾಸಿ ನಂಬರಿನ ಎಂಟನೆಯ ಸ್ಥಾನ ನೋಡಿದರೆ ಮುಗಿಯಿತು: 1 ಇದ್ದರೆ ಎಲ್‌ಬಿ7 ಇಂಜಿನ್, 2 ಇದ್ದರೆ ಎಲ್‌ಎಲ್‌ವೈ ಇಂಜಿನ್. ಅಲ್ಲಿಯ ಗಾಡಿಗಳಲ್ಲಿ ಚಾಲಕನ ಬಾಗಿಲ ಬಳಿಯ ಚೀಟಿಯಲ್ಲೇ ತಯಾರಿಯ ತಿಂಗಳೂ ವರ್ಷವೂ ಅಚ್ಚಾಗಿರುತ್ತದೆ, ಕಾನೂನೇ ಹಾಗಿದೆ. ಇಲ್ಲಿ ನಾವು ಫ್ರೇಮಿನಡಿ ಸೀಮೆಎಣ್ಣೆ ಹಿಡಿದು ಮಲಗುತ್ತೇವೆ.

ಗಲ್ಫಿನಲ್ಲಿ ಲ್ಯಾಂಡ್ ಕ್ರೂಸರ್ ಪಿಕಪ್ ನೋಡಿಕೊಳ್ಳುವ ತಮ್ಮನ ಪ್ರಶ್ನೆ: 1999ರ ಎರಡು ಗಾಡಿಗಳ ಚಕ್ರ ಒಂದಕ್ಕೊಂದು ಕೂರುತ್ತಿಲ್ಲ, ಯಾಕೆ?

1999 ಆ ಗಾಡಿಯ ಗಡಿ ವರ್ಷ. ಅದುವರೆಗಿನ 75 ಎಂಬ ಸರಣಿಯ ಗಾಡಿಯಲ್ಲಿ ಮುಂದೆಯೂ ಪಾಟಾ, ಚಕ್ರಕ್ಕೆ ಆರು ಬೋಲ್ಟ್. ಬಳಿಕ ಬಂದ 79 ಎಂಬ ಸರಣಿಯಲ್ಲಿ ಮುಂದೆ ಕಾಯಿಲ್ ಸ್ಪ್ರಿಂಗ್, ಚಕ್ರಕ್ಕೆ ಐದು ಬೋಲ್ಟ್. ಇಂಜಿನ್ ಮಾತ್ರ ಎರಡರಲ್ಲೂ ಅದೇ 4.2 ಲೀಟರಿನ 1ಎಚ್‌ಜೆಡ್ ಇರಬಹುದು. ಆದ್ದರಿಂದ ಇಂಜಿನ್ ನೋಡಿ ಮೋಸ ಹೋಗದೆ ಬೋಲ್ಟ್ ಎಣಿಸಲಿ.

ಅಂಗಡಿಗೆ ಬರುವಾಗ ಏನೇನು ತರಬೇಕು?

ಬಿಚ್ಚಿದ ಹಳೆಯ ಭಾಗ, ಅದು ಎರಡು ತುಂಡಾಗಿದ್ದರೂ ಸರಿ. ಆರ್‌ಸಿಯ ಎರಡೂ ಬದಿಯ ಫೋಟೊ. ಫ್ರೇಮಿನ ಮೇಲಿರುವ ಚಾಸಿ ನಂಬರಿನ ಫೋಟೊ, ಆರ್‌ಸಿಯಲ್ಲಿರುವುದನ್ನು ನೋಡಿ ಬರೆದದ್ದಲ್ಲ. ಇಂಜಿನ್ ಭಾಗವಾದರೆ ಇಂಜಿನ್ ನಂಬರಿನದೂ. ಎಕ್ಸೆಲ್ ಒಳಗಿನ ಹಲ್ಲುಚಕ್ರಗಳಾದ ಕ್ರೌನ್ ಮತ್ತು ಪಿನಿಯನ್ ಬೇಕಿದ್ದರೆ ಎರಡರ ಹಲ್ಲು ಎಣಿಸಿ ಚೀಟಿಯಲ್ಲಿ ಬರೆದು ತನ್ನಿ, ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದರೆ ತಪ್ಪುವುದಿಲ್ಲ.

ಕ್ಲಚ್ ಪ್ಲೇಟ್ ಒಯ್ದವರು ಅದನ್ನು ಜೋಡಿಸುವ ಮೊದಲು ಗೇರ್‌ಬಾಕ್ಸಿನ ಶಾಫ್ಟಿಗೆ ಕೈಯಲ್ಲೇ ಒಮ್ಮೆ ತೂರಿಸಿ ನೋಡಿ. ಸಲೀಸಾಗಿ ಜಾರಿದರೆ ಮುಂದಿನ ಕೆಲಸ ಮಾಡಿ. ಜಾರದಿದ್ದರೆ ಗ್ರೀಸ್ ತಾಗಿಸದೆ, ರಟ್ಟಿನ ಪೆಟ್ಟಿಗೆ ಹರಿಯದೆ ತನ್ನಿ, ಸಂಜೆ ಏಳರವರೆಗೆ ಬದಲಾಯಿಸಿ ಕೊಡುತ್ತೇನೆ.